ಎರಡನೇ ಕೊಡದ ನೀರು

ಕಳೆದ ವರ್ಷ ಆಷಾಢದ ಮಳೆಯಲ್ಲಿ ಶಿರಸಿಯ ಸಮೀಪದ ತವರುಮನೆಗೆ ಹೋಗಿದ್ದಾಗ ಅಣ್ಣನ ಮಗಳು ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ತಂದು ನನ್ನ ಕೈಯಲ್ಲಿಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಹೊದಿಕೆ ಹಾಕಿದ್ದಳು. ಪಿಯುಸಿ ಓದುತ್ತಿರುವ ಈ ಹುಡುಗಿ ಎಂಟು ತಿಂಗಳಿಂದ ಮನೆಯಲ್ಲಿ ಯಾರಿಗೂ ಹೇಳದೆ ಅದರಲ್ಲಿ ಕಾದಂಬರಿ ಬರೆಯುತ್ತಿದ್ದಳೆಂಬುದು ಆಗಲೇ ನನಗೆ ತಿಳಿದದ್ದು. ಹದಿನೇಳು ವರ್ಷದ ಅನಾಥ ಹುಡುಗಿಯೊಬ್ಬಳು ತನ್ನೊಳಗೆ ಅಡಗಿದ್ದ ಮಾಂತ್ರಿಕ ಶಕ್ತಿಯನ್ನು ಕಂಡುಕೊಳ್ಳುವ ಕಥೆ ಅದು. ಹಿಮ ಬೀಳುವ ಊರು, ಕಲ್ಲಿನ ಕೋಟೆ, ಹುಟ್ಟುಹಬ್ಬದ ರಾತ್ರಿ ಬೆರಳ ತುದಿಯಿಂದ ಹೊಮ್ಮುವ ನೀಲಿ ಬೆಂಕಿ, ಬಾಗಿಲು ತಟ್ಟಿ ಬಂದು ನೀನು ಎಲ್ಲರಂಥವಳಲ್ಲ ಎಂದು ತಿಳಿಸುವ ಅಪರಿಚಿತ ಮುದುಕ, ಎಲ್ಲವೂ ಇದ್ದವು. ‘ಓದಿ ಹೇಳು ಅತ್ತೆ, ಹೆಂಗಿದ್ದು ಹೇಳಿ’ ಎಂದವಳು ನನ್ನ ಉತ್ತರಕ್ಕೂ ನಿಲ್ಲದೆ ಒಳಗೆ ಹೋದಳು.

ಇಪ್ಪತ್ತು ವರ್ಷಗಳಿಂದ ಕಾರವಾರದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನನ್ನ ಕೈಗೆ ಕೆಂಪು ಪೆನ್ನು ತಾನಾಗಿಯೇ ಬಂತು. ಮೊದಲ ಮೂರು ಪುಟಗಳಲ್ಲಿ ಒತ್ತಕ್ಷರಗಳನ್ನು ತಿದ್ದಿದೆ, ಎರಡು ವಾಕ್ಯಗಳಿಗೆ ಅಡ್ಡಗೆರೆ ಎಳೆದೆ, ಹಿಮದ ಬಗ್ಗೆ ಬರೆದ ಕಡೆ ಅಂಚಿನಲ್ಲಿ ‘ನೀನು ಕಂಡಿದ್ದೀಯಾ?’ ಎಂದು ಬರೆದೆ. ಸಂಜೆ ಅವಳು ಪುಸ್ತಕ ತೆರೆದು ನೋಡಿದಳು. ಏನೂ ಹೇಳದೆ ಮುಚ್ಚಿದಳು. ಮುಂದಿನ ಏಳೆಂಟು ತಿಂಗಳು ಫೋನಿನಲ್ಲಿ ಮಾತಾಡಿದಾಗಲೆಲ್ಲ ಕಾಲೇಜಿನ ಸುದ್ದಿ ಹೇಳಿದಳು, ಮಳೆಯ ಸುದ್ದಿ ಹೇಳಿದಳು. ಕಾದಂಬರಿಯ ಸುದ್ದಿಯನ್ನು ಎತ್ತಲೇ ಇಲ್ಲ. ನಾನು ಕೇಳಲೂ ಇಲ್ಲ. ಆದರೆ ಕಾರವಾರಕ್ಕೆ ಮರಳುವ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗಲೇ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತ್ತು. ಅವಳ ನಾಯಕಿಯ ಶಕ್ತಿ ಹದಿನೇಳು ವರ್ಷ ‘ಅಡಗಿತ್ತು’ ಎನ್ನುವುದಾದರೆ ಅದು ಅಡಗಿದ್ದು ಯಾರ ಕಣ್ಣಿಗೆ? ಹುಡುಗಿಯದೇ ಕಣ್ಣಿಗೋ, ಸುತ್ತಲಿನವರ ಕಣ್ಣಿಗೋ?

ಅಡಿಕೆ ಸುಲಿಯುವ ರಾತ್ರಿ

ಈ ಪ್ರಶ್ನೆ ನನ್ನನ್ನು ನೇರವಾಗಿ ಅಜ್ಜಿಯ ಬಳಿಗೆ ಒಯ್ಯಿತು. ನನ್ನ ಬಾಲ್ಯದಲ್ಲಿ ಅಡಿಕೆ ಕೊಯ್ಲಿನ ಕಾಲವೆಂದರೆ ಮನೆಯಲ್ಲಿ ತಿಂಗಳುಗಟ್ಟಲೆ ಯಾರೂ ಬೇಗ ಮಲಗುತ್ತಿರಲಿಲ್ಲ. ಹಗಲು ಮರ ಹತ್ತಿ ಕೊಯ್ಯುವ ಕೊನೆಗೌಡ ಇಳಿಸಿದ ಅಡಿಕೆ ಕೊನೆಗಳು ಸಂಜೆಯ ಹೊತ್ತಿಗೆ ಜಗಲಿಯ ತುಂಬ ರಾಶಿ ಬೀಳುತ್ತಿದ್ದವು. ಅಕ್ಕಪಕ್ಕದ ಮನೆಯ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದು ಬಂದು, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತು ಸುಲಿಯಲು ತೊಡಗಿದರೆ ನಡುರಾತ್ರಿಯವರೆಗೂ ಕತ್ತಿಯ ಸದ್ದು ನಿಲ್ಲುತ್ತಿರಲಿಲ್ಲ. ಅಂಗಳದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಆ ಚೊಗರಿನ ವಾಸನೆ, ಹಸಿ ಸಿಪ್ಪೆಯ ವಾಸನೆ, ಸೀಮೆಎಣ್ಣೆ ದೀಪದ ವಾಸನೆ ಮೂರೂ ಕೂಡಿದ ಗಾಳಿಯಲ್ಲಿ, ನಿದ್ದೆ ಬಾರದಿರಲೆಂದು ಅಜ್ಜಿ ಕಥೆ ಹೇಳುತ್ತಿದ್ದಳು. ಕಥೆ ಹೇಳುವಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ, ಕಣ್ಣು ಕತ್ತಿಯಿಂದ ಏಳುತ್ತಿರಲಿಲ್ಲ.

ಅವಳು ಹೇಳುತ್ತಿದ್ದುದರಲ್ಲಿ ನನಗೆ ಬಿಟ್ಟೂ ಬಿಡದೆ ಬೇಕೆನಿಸುತ್ತಿದ್ದುದು ಹೂವಿನ ಮರವಾಗುವ ಹುಡುಗಿಯ ಕಥೆ. ಕನ್ನಡ ನಾಡಿನಲ್ಲಿ ಇದನ್ನು ಕೇಳದವರು ಕಡಿಮೆ. ಬಡ ಮುದುಕಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಒಂದು ದಿನ ಅಕ್ಕನನ್ನು ಕರೆದು, ಎರಡು ಕೊಡ ನೀರು ತಾ, ನೀರಿಗೆ ಉಗುರು ತಾಗಬಾರದು ಎನ್ನುತ್ತಾಳೆ. ಒಂದು ಕೊಡ ಹೊಯ್ದರೆ ಮರವಾಗುತ್ತೇನೆ. ಎಲೆ ಹರಿಯದೆ, ಕುಡಿ ಮುರಿಯದೆ ಬೇಕಾದಷ್ಟು ಹೂವು ಕೊಯ್ದುಕೋ. ಆಮೇಲೆ ಎರಡನೇ ಕೊಡ ಹೊಯ್ಯಿ, ಮತ್ತೆ ಮನುಷ್ಯಳಾಗುತ್ತೇನೆ ಎನ್ನುತ್ತಾಳೆ. ಅಕ್ಕ ಹಾಗೆಯೇ ಮಾಡುತ್ತಾಳೆ. ಹೂವು ಅರಮನೆಯಲ್ಲಿ ಮಾರಾಟವಾಗುತ್ತದೆ, ರಾಜಕುಮಾರನಿಗೆ ಗುಟ್ಟು ತಿಳಿಯುತ್ತದೆ, ಮದುವೆಯಾಗುತ್ತದೆ. ಗಂಡನಿಗೆ ಪ್ರತಿರಾತ್ರಿ ಹೂವು ಬೇಕು. ನಾದಿನಿಗೆ ಗೆಳತಿಯರ ಮುಂದೆ ತೋರಿಸಿಕೊಳ್ಳಲು ಹೂವು ಬೇಕು. ಅವರು ತೋಪಿಗೆ ಕರೆದೊಯ್ದು, ಬೇಕಾಬಿಟ್ಟಿ ನೀರು ಸುರಿದು, ಹೂವಿಗಾಗಿ ಕೊಂಬೆ ಮುರಿದು, ಮಳೆ ಬಂತೆಂದು ಎರಡನೇ ಕೊಡವನ್ನು ಅರೆಬರೆ ಚೆಲ್ಲಿ ಓಡುತ್ತಾರೆ. ಕೈಯಿಲ್ಲದ ಕಾಲಿಲ್ಲದ ಒಂದು ತುಂಡು ದೇಹ ಚರಂಡಿಯ ಪಕ್ಕ ಬಿದ್ದುಕೊಳ್ಳುತ್ತದೆ.

ಈ ಕಡೆ ಬಂದಾಗ ಅಜ್ಜಿಯ ಕತ್ತಿ ಒಂದು ಕ್ಷಣ ನಿಲ್ಲುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಆ ಸಾಲಿನಲ್ಲಿ ಕುಳಿತ ಹೆಂಗಸರಲ್ಲಿ ಎಲ್ಲರೂ ಬೇರೆ ಊರಿನಿಂದ ಮದುವೆಯಾಗಿ ಬಂದವರು ಎನ್ನುವುದನ್ನು ನಾನು ಯೋಚಿಸಿದ್ದು ನನ್ನದೇ ಮದುವೆಯ ನಂತರ.

ಈ ಕಥೆಯಲ್ಲಿ ಹುಡುಗಿ ತನ್ನ ಶಕ್ತಿಯನ್ನು ಕಂಡುಕೊಳ್ಳುವ ಘಳಿಗೆಯೇ ಇಲ್ಲ. ಅದನ್ನು ಎಲ್ಲಿ ಕಲಿತಳು, ಯಾರು ಕೊಟ್ಟರು, ಯಾವ ವಯಸ್ಸಿನಲ್ಲಿ ತಿಳಿಯಿತು ಎಂದು ಅಜ್ಜಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅವಳಿಗೆ ಗೊತ್ತಿತ್ತು, ಅಷ್ಟೇ. ಅವ್ವ ಕೂಲಿ ಮಾಡಿ ಸಣ್ಣಗಾಗುತ್ತಿರುವುದನ್ನು ನೋಡಲಾರದೆ ಹೊರಗೆ ತೆಗೆದಳು. ಕಂಡುಹಿಡಿಯುವವರು ಬೇರೆಯವರು: ಮೊದಲು ಅಕ್ಕ, ಆಮೇಲೆ ತಾಯಿ, ಆಮೇಲೆ ಮರದ ಮೇಲೆ ಅಡಗಿ ಕುಳಿತ ರಾಜಕುಮಾರ, ಕೊನೆಗೆ ನಾದಿನಿ. ಪ್ರತಿಯೊಬ್ಬರು ಕಂಡುಹಿಡಿದಾಗಲೂ ಅಪಾಯ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಅಣ್ಣನ ಮಗಳ ಕಾದಂಬರಿಯಲ್ಲಿ, ಹಾಗೆಯೇ ಅವಳು ಓದಿ ಬೆಳೆದ ಹತ್ತಾರು ಕಾದಂಬರಿಗಳಲ್ಲಿ, ಶಕ್ತಿ ತಿಳಿದ ಕ್ಷಣದಿಂದ ಹುಡುಗಿಯ ಬಿಡುಗಡೆ ಆರಂಭವಾಗುತ್ತದೆ. ಅಜ್ಜಿಯ ಕಥೆಯಲ್ಲಿ ಶಕ್ತಿ ಇತರರಿಗೆ ತಿಳಿದ ಕ್ಷಣದಿಂದ ಅವಳ ಕಷ್ಟ ಆರಂಭವಾಗುತ್ತದೆ.

ಅವಳು, ಅದು

ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಈ ಕಥೆಯ ಹಲವು ರೂಪಗಳನ್ನು ಕನ್ನಡ ನಾಡಿನಲ್ಲಿ ಸಂಗ್ರಹಿಸಿದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಅವರ ಜನಪದ ಕಥೆಗಳ ಸಂಕಲನಕ್ಕೆ ಇದರದೇ ಹೆಸರಿದೆ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ಆಧರಿಸಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಇದು ಹೆಂಗಸರ ನಡುವೆ ಓಡಾಡುವ, ಹೆಣ್ಣಿನ ಕಡೆಯಿಂದ ಲೋಕವನ್ನು ನೋಡುವ ಕಥೆ ಎಂದು ರಾಮಾನುಜನ್ ಓದಿದ್ದು ನನಗೆ ಪೂರ್ತಿ ಒಪ್ಪಿಗೆ. ಆದರೆ ಅಚ್ಚಾದ ಕಥೆಯನ್ನು ಮೊದಲ ಬಾರಿ ಓದಿದಾಗ, ನಾನು ಜಗಲಿಯಲ್ಲಿ ಕೇಳಿದ ಕಥೆಯಿಂದ ಏನೋ ಒಂದು ಜಾರಿಹೋಗಿದೆ ಎನ್ನಿಸಿತ್ತು. ಅದೇನೆಂದು ಹೊಳೆಯಲು ವರ್ಷಗಳು ಹಿಡಿದವು.

ನಮ್ಮ ಹವ್ಯಕರ ಮಾತಿನಲ್ಲಿ ಹೆಣ್ಣನ್ನು ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತೇವೆ. ಅಕ್ಕ ಬಂತು, ಅತ್ತಿಗೆ ಹೇಳ್ತು, ಕೂಸು ಓದ್ತು. ಬರಹದ ಕನ್ನಡದಲ್ಲಿ ಈ ಕಥೆಯನ್ನು ಹೇಳುವಾಗ ನೀರು ಬಿದ್ದ ಕ್ಷಣ ‘ಅವಳು’ ಹೋಗಿ ‘ಅದು’ ಬರಲೇಬೇಕು: ಅವಳು ಕುಳಿತಳು, ಅದು ಹೂ ಬಿಟ್ಟಿತು. ವ್ಯಾಕರಣವೇ ಒಂದು ಗೆರೆ ಎಳೆದು, ಇಲ್ಲಿಯವರೆಗೆ ಹೆಣ್ಣು, ಇಲ್ಲಿಂದ ಮರ ಎಂದುಬಿಡುತ್ತದೆ. ಅಜ್ಜಿಯ ಬಾಯಲ್ಲಿ ಆ ಗೆರೆ ಇರಲಿಲ್ಲ. ‘ಅದು ಕೂತ್ಕಂಡ್ತು, ಅದು ಹೂ ಬಿಡ್ತು, ಅದು ಎದ್ದು ಒಳಗೆ ಹೋತು.’ ಕೇಳುವ ನಮಗೆ ಮಾಯೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಕಿವಿಯಿಂದ ತಿಳಿಯುತ್ತಿರಲಿಲ್ಲ. ಹುಡುಗಿಯಾಗಿದ್ದಾಗಲೂ ಅವಳು ಮರವೇ, ಮರವಾಗಿದ್ದಾಗಲೂ ಹುಡುಗಿಯೇ. ಕೊಂಬೆ ಮುರಿದಾಗ ನಮಗೆ ಅಷ್ಟು ನೋವಾಗುತ್ತಿದ್ದುದು ಈ ಕಾರಣಕ್ಕೇ ಇರಬೇಕು.

ಹೆಣ್ಣನ್ನು ವಸ್ತುವಿನ ಸಾಲಿಗೆ ಸೇರಿಸುವ ಈ ಮಾತು ಅವಮಾನವಲ್ಲವೇ ಎಂದು ಹೊರಗಿನವರು ನನ್ನನ್ನು ಕೇಳಿದ್ದುಂಟು. ಅದರಲ್ಲಿ ಸತ್ಯವಿಲ್ಲವೆಂದು ನಾನು ವಾದಿಸುವುದಿಲ್ಲ. ಚರಂಡಿಯ ಪಕ್ಕ ಬಿದ್ದ ಆ ತುಂಡು ದೇಹವೂ ‘ಅದು’ವೇ ಆಗಿತ್ತು. ಆದರೆ ಆಯಿಯನ್ನೂ, ಬೆಕ್ಕನ್ನೂ, ಹೊಳೆಯನ್ನೂ, ಹಲಸಿನ ಮರವನ್ನೂ ಒಂದೇ ಸರ್ವನಾಮದಲ್ಲಿ ಕರೆಯುತ್ತ ಬೆಳೆದ ಮಗುವಿಗೆ ಹುಡುಗಿಯೊಬ್ಬಳು ಮರವಾಗುವುದನ್ನು ನಂಬಲು ಯಾವ ಕಷ್ಟವೂ ಆಗುವುದಿಲ್ಲ. ನನಗೆ ಆಗಿರಲಿಲ್ಲ.

ಸುಟ್ಟ ಕೈಯ ಮಗು

ಕೆಂಪು ಪೆನ್ನಿನ ಆ ಘಟನೆಯ ನಂತರ, ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಕಡೆಯಿಂದ ಹಗಲೂ ರಾತ್ರಿ ಗಾಳಿ ಬೀಸುತ್ತಿದ್ದ ಶ್ರಾವಣದಲ್ಲಿ ನಾನು ಕಪಾಟಿನಿಂದ ಒಂದು ಹಳೆಯ ಪುಸ್ತಕವನ್ನು ಮತ್ತೆ ತೆಗೆದೆ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1990ರಲ್ಲಿ ಪ್ರಕಟಿಸಿದ ‘ತೆಹಾನು’. ಅರ್ಥ್‌ಸೀ ಎಂಬ ದ್ವೀಪಲೋಕದ ಕುರಿತು ಅವರು ಮೊದಲ ಕಾದಂಬರಿ ಬರೆದದ್ದು 1968ರಲ್ಲಿ. ಆ ಲೋಕದಲ್ಲಿ ಮಂತ್ರವಿದ್ಯೆ ಎಂದರೆ ಪ್ರತಿಯೊಂದರ ನಿಜವಾದ ಹೆಸರನ್ನು ಅರಿಯುವುದು, ಆ ವಿದ್ಯೆ ಕಲಿಸುವ ಶಾಲೆಯಲ್ಲಿ ಗಂಡುಮಕ್ಕಳಿಗೆ ಮಾತ್ರ ಜಾಗ. 1972ರಲ್ಲಿ ಮೂರನೆಯ ಪುಸ್ತಕ ಬಂತು. ನಾಲ್ಕನೆಯದಕ್ಕೆ ಹದಿನೆಂಟು ವರ್ಷ ಬೇಕಾಯಿತು, ಆ ಪುಸ್ತಕದಲ್ಲಿ ಅವರು ಕಥೆಯನ್ನು ಶಾಲೆಯಿಂದ ಎತ್ತಿ ಒಬ್ಬ ರೈತ ವಿಧವೆಯ ಅಡುಗೆಮನೆಯಲ್ಲಿ ಇಟ್ಟರು.

ಆ ವಿಧವೆ ಟೆನಾರ್. ತನ್ನವರೇ ಬೆಂಕಿಗೆ ನೂಕಿದ ಒಂದು ಪುಟ್ಟ ಹುಡುಗಿಯನ್ನು ಅವಳು ಮನೆಗೆ ತಂದು ಸಾಕುತ್ತಾಳೆ. ಮಗುವಿನ ಮುಖದ ಒಂದು ಭಾಗ ಸುಟ್ಟಿದೆ, ಒಂದು ಕಣ್ಣು ಹೋಗಿದೆ, ಒಂದು ಕೈಯ ಬೆರಳುಗಳು ಮುರುಟಿ ಹಕ್ಕಿಯ ಉಗುರಿನಂತಾಗಿವೆ. ಊರಿನವರು ಅವಳನ್ನು ಕಂಡು ಮುಖ ತಿರುಗಿಸುತ್ತಾರೆ. ಸಾಯುವ ಮುನ್ನ ವೃದ್ಧ ಮಾಂತ್ರಿಕನೊಬ್ಬ, ಜನ ಈ ಮಗುವಿಗೆ ಹೆದರುತ್ತಾರೆ, ಇವಳಿಗೆ ಎಲ್ಲವನ್ನೂ ಕಲಿಸು ಎಂದು ಟೆನಾರಳಿಗೆ ಹೇಳಿಹೋಗುತ್ತಾನೆ. ಏನು ಕಲಿಸುವುದು? ಟೆನಾರಳಿಗೆ ತಿಳಿಯುವುದಿಲ್ಲ. ತನಗೆ ಗೊತ್ತಿದ್ದನ್ನು ಕಲಿಸುತ್ತಾಳೆ. ಮನೆಗೆಲಸ, ಮೇಕೆ ನೋಡಿಕೊಳ್ಳುವುದು, ಒಂದಿಷ್ಟು ಕಥೆ. ಕೊನೆಯಲ್ಲಿ, ದೊಡ್ಡವರ ಎಲ್ಲ ವಿದ್ಯೆಯೂ ಸೋತು ನಿಂತ ಗಳಿಗೆಯಲ್ಲಿ, ಈ ಮಗು ಯಾರೂ ಕಲಿಸದ ಭಾಷೆಯಲ್ಲಿ ಡ್ರ್ಯಾಗನ್ನನ್ನು ಹೆಸರು ಹಿಡಿದು ಕರೆಯುತ್ತದೆ, ಅದು ಬರುತ್ತದೆ.

ಮೊದಲ ಸಲ ಓದಿದಾಗ ನಾನು ಆ ಡ್ರ್ಯಾಗನ್ನಿಗಾಗಿಯೇ ಪುಟ ತಿರುಗಿಸಿದ್ದೆ. ಈ ಬಾರಿ ನನ್ನ ಕಣ್ಣು ನಿಂತದ್ದು ಅದಕ್ಕೆ ಮೊದಲಿನ ಪುಟಗಳಲ್ಲಿ, ಏನೂ ನಡೆಯುತ್ತಿಲ್ಲ ಎನ್ನಿಸುವ ಪುಟಗಳಲ್ಲಿ. ಟೆನಾರ್ ಆ ಮಗುವಿನೊಳಗೆ ಶಕ್ತಿ ಇದೆಯೇ ಎಂದು ಕೆದಕಿ ನೋಡುವುದಿಲ್ಲ. ಜೊತೆಗಿರುತ್ತಾಳೆ. ಹುಡುಗಿಯ ಹೆಸರು ಕೊನೆಗೆ ಹೊರಬರುವಾಗ ಅದು ಟೆನಾರ್ ಕೊಟ್ಟ ಹೆಸರೂ ಅಲ್ಲ. ನಮ್ಮ ಹೂವಿನ ಮರದ ಕಥೆಯಲ್ಲಿ ಎರಡು ಕೊಡ ಹೊತ್ತು ತಂದ ಅಕ್ಕನನ್ನು ನಾನು ಮತ್ತೆ ನೆನೆದದ್ದು ಇಲ್ಲಿ. ಕಥೆಯಲ್ಲಿ ಆ ಅಕ್ಕನಿಗೆ ಹೆಸರಿಲ್ಲ, ತಂಗಿಯ ಮದುವೆಯಾದ ಮೇಲೆ ಅವಳ ಸುದ್ದಿಯೇ ಇಲ್ಲ. ಅವಳಿಗೆ ಯಾವ ಮಂತ್ರವೂ ಬಾರದು. ಆದರೆ ನೀರಿಗೆ ಉಗುರು ತಾಗಿಸದೆ ಕೊಡ ತುಂಬಿ ತರಲು, ಕುಡಿ ಮುರಿಯದೆ ಹೂ ಕೊಯ್ಯಲು, ಎಲ್ಲಕ್ಕಿಂತ ಮಿಗಿಲಾಗಿ ಎರಡನೇ ಕೊಡವನ್ನು ಮರೆಯದೆ ಹೊಯ್ಯಲು ಅವಳಿಗೆ ಬರುತ್ತದೆ. ಮರವಾದ ಹುಡುಗಿ ಓಡಲಾರಳು, ಕೂಗಲಾರಳು. ಅವಳು ತನ್ನ ಮನುಷ್ಯರೂಪವನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಯಲ್ಲಿಟ್ಟಿರುತ್ತಾಳೆ. ಇಷ್ಟು ನಂಬಿಕೆಯಿಂದ ಮಾಡುವ ಕೆಲಸವನ್ನು, ಕೋಣೆಯಲ್ಲಿ ಒಂಟಿಯಾಗಿ ನಿಂತು ಬೆರಳಿನಿಂದ ಬೆಂಕಿ ಹೊಮ್ಮಿಸುವ ಕೆಲಸಕ್ಕೆ ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ.

ಕಥೆಯ ಕೊನೆಯೂ ಇದಕ್ಕೆ ಹೊಂದುತ್ತದೆ. ಹುಚ್ಚನಂತೆ ಅಲೆದ ಗಂಡ ಕೊನೆಗೆ ಅವಳನ್ನು ಕಂಡಾಗ, ಆ ತುಂಡು ದೇಹವನ್ನು ನೇರವಾಗಿ ಮನುಷ್ಯಳನ್ನಾಗಿ ಮಾಡಲು ಬರುವುದಿಲ್ಲ. ಮೊದಲ ಕೊಡ ಹೊಯ್ದು ಮತ್ತೆ ಮರವಾಗಿಸಬೇಕು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಬೇಕು, ಆಮೇಲೆ ಎರಡನೆಯದು. ಯಾವ ರೂಪದಲ್ಲಿ ಗಾಯವಾಯಿತೋ ಆ ರೂಪದಲ್ಲೇ ಅದು ವಾಸಿಯಾಗಬೇಕು. ಹಿಂದೆ ಹೂವು ಬೇಕೆಂದು ಹಟ ಹಿಡಿದ ಕೈಗಳೇ ಈಗ ಹೂವು ಕೇಳದೆ ಕೊಂಬೆ ಕಟ್ಟುತ್ತವೆ.

ಹೊನ್ನಳ್ಳಿಯ ತುಳಸಿ ಗೌಡ

ಅಡಗಿದ ಶಕ್ತಿಯ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ತುಳಸಿ ಗೌಡರ ನೆನಪಾಗದೆ ಇರದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಮನೆಯ ಹೆಣ್ಣುಮಗಳು. ಶಾಲೆ ಕಾಣಲಿಲ್ಲ, ಎಳೆ ವಯಸ್ಸಿನಲ್ಲೇ ಮದುವೆಯಾಯಿತು, ಅವ್ವನ ಜೊತೆಗೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗತೊಡಗಿದವರು ದಶಕಗಟ್ಟಲೆ ಅಲ್ಲಿಯೇ ದುಡಿದರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹದದಲ್ಲಿ ಆಯ್ದರೆ ಮೊಳೆಯುತ್ತದೆ ಎಂದು ಅವರು ನೋಡಿಯೇ ಹೇಳುತ್ತಿದ್ದರು. 2020ರ ಪದ್ಮಶ್ರೀ ಅವರಿಗೆ ಬಂತು. ಮರುವರ್ಷ ರಾಷ್ಟ್ರಪತಿ ಭವನದಲ್ಲಿ ತಮ್ಮ ಸಮುದಾಯದ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಬಂದು ಅದನ್ನು ಸ್ವೀಕರಿಸಿದ ಚಿತ್ರವನ್ನು ಇಡೀ ದೇಶ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆ ಚಿತ್ರ ಬಂದ ದಿನಗಳಲ್ಲಿ ನನ್ನ ಸುತ್ತ ಅನೇಕರು, ಇಂಥವರು ನಮ್ಮ ನಡುವೆ ಇದ್ದರೆಂದು ಗೊತ್ತೇ ಇರಲಿಲ್ಲ, ಏನೋ ಮಾಯಾವಿದ್ಯೆ ಇದ್ದಂತಿದೆ ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ. ತುಳಸಿ ಗೌಡರಿಗೆ ತಮ್ಮ ವಿದ್ಯೆ ಒಂದು ದಿನವೂ ಅಡಗಿರಲಿಲ್ಲ. ಸಾವಿರಾರು ಬೆಳಗುಗಳಲ್ಲಿ ಬೀಜ ಮುಟ್ಟಿ, ಮೂಸಿ, ಮಣ್ಣಿಗೆ ಹಾಕಿ, ಮೊಳೆತದ್ದನ್ನೂ ಮೊಳೆಯದ್ದನ್ನೂ ಎಣಿಸಿ ಕೈಗೆ ಬಂದ ಅರಿವು ಅದು. ನೋಡುವ ಅಭ್ಯಾಸ ಇಲ್ಲದಿದ್ದುದು ನಮಗೆ. ‘ಮಾಯೆ’ ಎಂದ ಕೂಡಲೇ ಆ ಬೆಳಗುಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಹುಡುಗಿಯೊಬ್ಬಳ ಶಕ್ತಿ ಹುಟ್ಟುಹಬ್ಬದ ರಾತ್ರಿ ದಿಢೀರನೆ ಹೊರಬಂತು ಎಂದು ಬರೆಯುವಾಗಲೂ ಹೀಗೆಯೇ ಆಗುತ್ತದೆ. ಅವಳು ಅದರ ಜೊತೆ ಬದುಕಿದ ಹದಿನೇಳು ವರ್ಷಗಳು ಬಿಟ್ಟುಹೋಗುತ್ತವೆ. ಅಣ್ಣನ ಮಗಳಿಗೆ ನಾನು ಹೇಳಬೇಕಾಗಿದ್ದ ಮಾತು ಇದೇ ಆಗಿತ್ತು. ಒತ್ತಕ್ಷರದ ಮಾತು ಆಗಿರಲಿಲ್ಲ.

ಸುರಗಿ

ಈ ಸಲ ಸುರಗಿ ಅರಳುವ ಹೊತ್ತಿಗೆ ನಾನು ಮತ್ತೆ ತವರಿಗೆ ಹೋದೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅವಳಿಗೆ ಅಜ್ಜಿಯ ಕಥೆಯನ್ನು ಅಜ್ಜಿಯದೇ ಮಾತಿನಲ್ಲಿ ಹೇಳಿದೆ. ಕೆಂಪು ಪೆನ್ನಿನ ವಿಷಯವನ್ನೂ ಎತ್ತಿ, ನಾನು ತಪ್ಪು ಮಾಡಿದೆ, ಹಾಗೆ ಓದಬಾರದಿತ್ತು ಎಂದೆ. ಅವಳು ತಲೆ ತಗ್ಗಿಸಿ ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕೇಳಿದಳು: ‘ಅಕ್ಕ ಇಲ್ಲದಿದ್ದ ಕೂಸಿಗೆ ಎರಡನೇ ಕೊಡ ಯಾರು ಹೊಯ್ಯವು ಅತ್ತೆ?’

ಅವಳ ನಾಯಕಿ ಅನಾಥೆ ಎನ್ನುವುದು ನನಗೆ ಆಗ ನೆನಪಾಯಿತು. ಅಣ್ಣನ ಮಗಳಿಗೂ ಒಡಹುಟ್ಟಿದವರಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ, ಇದ್ದಂತೆ ನಟಿಸಲೂ ಇಲ್ಲ. ‘ಅದನ್ನೇ ಬರಿ ಕೂಸೆ’ ಎಂದೆ.

ಆಮೇಲೆ ಅವಳು ಇನ್ನೊಂದು ಕೇಳಿದಳು. ಅದು ಯಾವ ಮರ? ಅಜ್ಜಿ ಹೆಸರು ಹೇಳಿರಲಿಲ್ಲ. ಹೂವಿನ ಮರ ಎಂದಷ್ಟೇ ಹೇಳುತ್ತಿದ್ದಳು. ಅಣ್ಣನ ಮಗಳು ಸ್ವಲ್ಪ ಯೋಚಿಸಿ, ತನ್ನದು ಸುರಗಿ ಎಂದಳು. ಬೇರೆ ಹೂವಿನ ಹಾಗೆ ಅದು ಕುಡಿಯ ತುದಿಯಲ್ಲಿ ಅರಳುವುದಿಲ್ಲ, ಎಲೆಯಿಲ್ಲದ ಹಳೆಯ ರೆಂಬೆಗೆ ಅಂಟಿಕೊಂಡು ಅರಳುತ್ತದೆ, ಒಣಗಿ ವರ್ಷವಾದರೂ ಪರಿಮಳ ಬಿಡುವುದಿಲ್ಲ ಎಂದಳು. ಹೂವಿನ ಆಸೆಗೆ ಜನ ರೆಂಬೆಯನ್ನೇ ಕಡಿದು ಕೆಡವುವುದನ್ನು ನಮ್ಮ ಊರಿನಲ್ಲಿ ಇಬ್ಬರೂ ನೋಡಿದವರು. ಅದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ನಾನು ಎದ್ದು ಹಿತ್ತಿಲಿಗೆ ಬಂದಾಗ ಅವಳು ಆಗಲೇ ತೋಟದ ಅಂಚಿನ ಸುರಗಿ ಮರದ ಬುಡದಲ್ಲಿದ್ದಳು. ಅಜ್ಜಿಯ ಹಳೆಯ ಸೀರೆಯೊಂದನ್ನು ಮರದ ಕೆಳಗೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟು, ಸ್ವಲ್ಪ ದೂರದಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಗಾಳಿ ಬಂದಾಗ ಹೂವು ಬೀಳುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ.